ಕಾರನ್ನು ಎಲ್ಲಿ ಮಾಡಬೇಕು ಅಂತ ಯಾರು ತೀರ್ಮಾನಿಸಬೇಕು?

(ಕಾರು ಕಾರ್ಖಾನೆಗಳ ಕೆಲಸ ಹೊರದೇಶಕ್ಕೆ ಹೋದದ್ದರ ಬಗ್ಗೆ, ಅದರಲ್ಲಿ ಕಾರ್ಮಿಕ ಸಂಘಗಳ ಪಾತ್ರದ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾರು ಕಾರ್ಖಾನೆಗಳ ಕೆಲಸ ಮೆಕ್ಸಿಕೊಗೆ ಹೋಯಿತು ಅನ್ನುವ ಮಾತು ಬಂದ ಕೂಡಲೇ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ಯೂನಿಯನ್‌ನವರು ಕೇಳಿದ್ದೇ ಕೇಳಿದ್ದು, ಕಂಪನಿಗಳು ಬೇಸತ್ತು ಗಂಟುಮೂಟೆ ಕಟ್ಟಿದವು ಅಂತ. ಕೇಳೋಕೆ ಸರಿಯಾಗೇ ಇದೆ ಅನಿಸುತ್ತದೆ. ನೀರು ತಗ್ಗಿಗೆ ಹರಿಯುವ ಹಾಗೆ ಕೆಲಸ ಕಡಿಮೆ ಸಂಬಳದ ಕಡೆಗೆ ಹರಿಯಿತು, ಇದರಲ್ಲಿ ಏನು ವಿಶೇಷ ಅಂತ ಕೇಳುತ್ತಾರೆ.

ಹಾಗಾದರೆ ಒಂದು ವಿಷಯ ಯೋಚನೆ ಮಾಡಿ. ಅಮೆರಿಕದ ದಕ್ಷಿಣ ರಾಜ್ಯಗಳ ಬಟ್ಟೆ ಗಿರಣಿಗಳಲ್ಲಿ ಸಂಘ ಇದ್ದದ್ದೇ ಅಪರೂಪ, ಸಂಬಳವೂ ಕಡಿಮೆ. ಆ ಕೆಲಸ ಉಳಿಯಿತಾ? ಇಲ್ಲ, ಕಾರಿನ ಕೆಲಸಕ್ಕಿಂತ ಬೇಗ ಖಾಲಿಯಾಯಿತು. ಕಾರಿನಲ್ಲೇ ನೋಡಿ. ನಿಸಾನ್, ಹೋಂಡಾ, ಟೊಯೊಟಾ, ಬಿಎಂಡಬ್ಲ್ಯು ಅಮೆರಿಕದಲ್ಲಿ ಇಂದು ನಡೆಸುವ ಕಾರು ಕಾರ್ಖಾನೆಗಳಲ್ಲಿ ಸಂಘ ಇಲ್ಲ. ಆದರೂ ಈ ನಾಲ್ಕೂ ಕಂಪನಿಗಳಿಗೆ ಮೆಕ್ಸಿಕೊದಲ್ಲಿ ಕಾರ್ಖಾನೆ ಇದೆ. ಸಂಘ ಇದ್ದ ಕಡೆಯಿಂದಲೂ ಕೆಲಸ ಹೋಯಿತು, ಇಲ್ಲದ ಕಡೆಯಿಂದಲೂ ಹೋಯಿತು. ಅಂದಮೇಲೆ ಕಾರಣವನ್ನು ಸಂಘದ ಮೇಲೆ ಹೊರಿಸಿ ಕೈತೊಳೆದುಕೊಳ್ಳೋದು ಸುಲಭ, ಆದರೆ ಅದು ಪೂರ್ತಿ ನಿಜ ಅಲ್ಲ.

ಹಾಗಂತ ಸಂಘದ್ದು ಏನೂ ತಪ್ಪಿಲ್ಲ ಅಂತ ಹೇಳೋಕೆ ನಾನು ಇಲ್ಲಿ ನಿಂತಿಲ್ಲ. ತಪ್ಪು ಇದೆ. ಆದರೆ ಅದು ಜಾಸ್ತಿ ಸಂಬಳ ಕೇಳಿದ್ದಲ್ಲ. ಸಂಬಳ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳೋದು ಬಿಟ್ಟದ್ದು. ಯಾವ ಕಾರು, ಯಾವ ಊರಿನಲ್ಲಿ, ಎಷ್ಟು ವರ್ಷ ತಯಾರಾಗಬೇಕು, ಇದನ್ನು ಯಾರು ತೀರ್ಮಾನಿಸುತ್ತಾರೆ ಅನ್ನುವ ಪ್ರಶ್ನೆ ಅದು. ಸೋಜಿಗ ಅಂದರೆ, ಅಮೆರಿಕದ ಕಾರು ಕೆಲಸಗಾರರ ಸಂಘ ಬಲವಾಗಿ ಎದ್ದು ನಿಂತದ್ದೇ ಈ ಪ್ರಶ್ನೆಯಿಂದ.

1936ರ ಡಿಸೆಂಬರ್ 30. ಮಿಷಿಗನ್ ರಾಜ್ಯದ ಫ್ಲಿಂಟ್ ಊರು. ಜನರಲ್ ಮೋಟರ್ಸ್‌ನ ಫಿಷರ್ ಬಾಡಿ ನಂಬರ್ 1 ಕಾರ್ಖಾನೆ. ಕಾರಿನ ಮೈಯ ಭಾಗಗಳನ್ನು ತಗಡಿನಿಂದ ಒತ್ತಿ ತೆಗೆಯೋಕೆ ಅಚ್ಚು ಬೇಕಲ್ವಾ, ಡೈ ಅಂತೀವಲ್ಲ, ಆ ಡೈಗಳು ಅಲ್ಲಿದ್ದವು. ಸುಮ್ನೆ ಎತ್ತಿ ಗಾಡಿಗೆ ಹಾಕುವ ಸಾಮಾನಲ್ಲ ಅದು. ದೊಡ್ಡ ಡೈ ಒಂದೊಂದೂ ಟನ್‌ಗಟ್ಟಲೆ ತೂಗುತ್ತದೆ, ಹೊಸದು ಮಾಡಿಸಬೇಕಾದರೆ ತಿಂಗಳುಗಟ್ಟಲೆ ಬೇಕು. ಕಂಪನಿಯ 1937ರ ಮಾದರಿಗಳಿಗೆ ಬೇಕಾದ ಮುಖ್ಯ ಡೈಗಳು ಇದ್ದದ್ದು ಎರಡೇ ಕಡೆ, ಒಂದು ಫ್ಲಿಂಟ್, ಇನ್ನೊಂದು ಕ್ಲೀವ್‌ಲ್ಯಾಂಡ್. ಕ್ಲೀವ್‌ಲ್ಯಾಂಡ್‌ನಲ್ಲಿ ಆಗಲೇ ಕೆಲಸ ನಿಂತಿತ್ತು.

ಆ ಸಂಜೆ ಫ್ಲಿಂಟ್‌ನ ಕೆಲಸಗಾರರ ಕಣ್ಣಿಗೆ ಬಿದ್ದದ್ದು ಏನು ಅಂದರೆ, ಡೈಗಳನ್ನು ರೈಲು ಬೋಗಿಗಳಿಗೆ ತುಂಬುತ್ತಿದ್ದಾರೆ. ಸಂಘದ ಬಲ ಕಡಿಮೆ ಇದ್ದ ಬೇರೆ ಊರುಗಳಿಗೆ ಸಾಗಿಸುವ ತಯಾರಿ. ಕಾರ್ಖಾನೆಯ ಎದುರಿಗೇ ರಸ್ತೆಯಾಚೆ ಸಂಘದ ಕಚೇರಿ ಇತ್ತು. ಅಲ್ಲಿ ಕೆಂಪು ದೀಪ ಮಿನುಗಿದರೆ ತುರ್ತು ಸಭೆ ಇದೆ ಅಂತ ಲೆಕ್ಕ. ದೀಪ ಮಿನುಗಿತು. ಊಟದ ಬಿಡುವಿನಲ್ಲಿ ಜನ ಸೇರಿದರು. ಸಭೆ ಮುಗಿಸಿ ಒಳಗೆ ಹೋದವರು ಕೆಲಸಕ್ಕೆ ಕೈ ಹಾಕಲಿಲ್ಲ, ಹೊರಗೂ ಬರಲಿಲ್ಲ. ಯಂತ್ರಗಳ ಪಕ್ಕದಲ್ಲೇ ಕೂತುಬಿಟ್ಟರು.

ಯಾಕೆ ಒಳಗೇ ಕೂತರು ಅಂದರೆ, ಗೇಟಿನ ಹೊರಗೆ ನಿಂತು ಘೋಷಣೆ ಕೂಗಿದ್ದರೆ ಕಂಪನಿ ಬೇರೆಯವರನ್ನು ಒಳಗೆ ಕರೆಸಿಕೊಳ್ಳುತ್ತಿತ್ತು, ಡೈಗಳೂ ಹೊರಟುಹೋಗುತ್ತಿದ್ದವು. ಒಳಗೆ ಕೂತರೆ ಯಂತ್ರವೂ ಅವರ ಜೊತೆ ಒಳಗೇ ಇರುತ್ತದೆ. ಅವರು 44 ದಿನ ಕೂತರು. ಜನವರಿ 11ರಂದು ಫಿಷರ್ ನಂಬರ್ 2ರಲ್ಲಿ ಕಂಪನಿ ಚಳಿಗಾಲದ ನಡುವೆ ಹೀಟರ್ ಆರಿಸಿತು, ಪೊಲೀಸರು ಅಶ್ರುವಾಯು ಸಿಡಿಸಿದರು, ಗುಂಡು ಹಾರಿಸಿದರು. ಒಳಗಿದ್ದವರು ಬೆಂಕಿ ಆರಿಸುವ ಪೈಪಿನಿಂದ ನೀರು ಹಾರಿಸಿದರು, ಕಾರಿನ ಬಾಗಿಲಿನ ಹಿಂಜುಗಳನ್ನು ಎಸೆದರು. ಗವರ್ನರ್ ಫ್ರ್ಯಾಂಕ್ ಮರ್ಫಿ ಸೈನಿಕರನ್ನು ಕಳಿಸಿದ್ದು ನಿಜ, ಆದರೆ ಕೆಲಸಗಾರರನ್ನು ಎಳೆದು ಹೊರಹಾಕೋಕೆ ಅವರನ್ನು ಬಳಸಲಿಲ್ಲ. ಫೆಬ್ರವರಿಯ ಮೊದಲ ಹತ್ತು ದಿನ ಇಡೀ ಅಮೆರಿಕದಲ್ಲಿ ಜನರಲ್ ಮೋಟರ್ಸ್ ತಯಾರಿಸಿದ್ದು 151 ಕಾರು. 11ನೇ ತಾರೀಖು ಕಂಪನಿ ಸಹಿ ಹಾಕಿತು. ಒಂದು ಪುಟದ ಒಪ್ಪಂದ. ಅದಾದ ಒಂದೇ ವರ್ಷದಲ್ಲಿ ಯುನೈಟೆಡ್ ಆಟೊ ವರ್ಕರ್ಸ್ ಸಂಘ ಸುಮಾರು 30 ಸಾವಿರ ಜನರಿಂದ ಸುಮಾರು 5 ಲಕ್ಷಕ್ಕೆ ಬೆಳೆಯಿತು.

ಫ್ಲಿಂಟ್‌ನ ಈ ಮುಷ್ಕರವನ್ನು ಎಲ್ಲರೂ ಸಂಘಕ್ಕೆ ಮಾನ್ಯತೆ ಸಿಕ್ಕ ಕಥೆಯಾಗಿ ಹೇಳುತ್ತಾರೆ. ಅದು ಸರಿ. ಆದರೆ ಕಿಡಿ ಹೊತ್ತಿದ್ದು ಎಲ್ಲಿ ಅಂತ ನೋಡಬೇಕು. ಕೆಲಸವನ್ನು ಇನ್ನೊಂದು ಊರಿಗೆ ಸಾಗಿಸುವುದು ಅವತ್ತೇ ಶುರುವಾಗಿತ್ತು. ಗಡಿ ದಾಟಿರಲಿಲ್ಲ ಅಷ್ಟೆ. ಅವತ್ತು ಅದನ್ನು ತಡೆಯೋಕೆ ಆಯಿತು, ಯಾಕಂದರೆ ಆ ಡೈ ಇಲ್ಲದೆ ಕಂಪನಿಗೆ ಬೇರೆ ದಾರಿ ಇರಲಿಲ್ಲ.

ಕಂಪನಿಗಳು ಈ ಪಾಠವನ್ನು ಚೆನ್ನಾಗಿ ಕಲಿತವು. ಒಂದೇ ಕಡೆ ಎಲ್ಲವನ್ನೂ ಇಡಬಾರದು, ಒಂದೇ ಭಾಗವನ್ನು ಎರಡು ಮೂರು ಕಡೆ ಮಾಡಿಸಬೇಕು, ಹೊಸ ಕಾರ್ಖಾನೆಯನ್ನು ಹಳೆಯ ಊರಿನಿಂದ ದೂರ ಕಟ್ಟಬೇಕು. 1947ರಿಂದ 1963ರ ಒಳಗೆ, ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯಿಟ್ ನಗರ ಸುಮಾರು 1.34 ಲಕ್ಷ ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತು. ಆ ಇಸವಿಗಳನ್ನು ಇನ್ನೊಮ್ಮೆ ನೋಡಿ. ಆಗ ಜಪಾನಿನ ಕಾರು ಅಮೆರಿಕದ ರಸ್ತೆಯಲ್ಲಿ ಕಾಣೋದೇ ಕಷ್ಟ. ಮೆಕ್ಸಿಕೊ ಜೊತೆ ಒಪ್ಪಂದ ಆಗೋಕೆ ಇನ್ನೂ ಮೂವತ್ತು ವರ್ಷ ಇತ್ತು. ಕೆಲಸ ಹೋದದ್ದು ಹೊರವಲಯಕ್ಕೆ, ಪಕ್ಕದ ರಾಜ್ಯಗಳಿಗೆ, ಹೊಸ ಯಂತ್ರಗಳಿಗೆ. ಮೊದಲು ಹೊಡೆತ ತಿಂದವರು ಹೆಚ್ಚಾಗಿ ಕಪ್ಪು ಕೆಲಸಗಾರರು, ಯಾಕಂದರೆ ಅವರು ಹೊಸ ಬಡಾವಣೆಗಳಿಗೆ ಹೋಗಿ ಮನೆ ಮಾಡುವ ಹಾಗಿರಲಿಲ್ಲ, ಅಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ. ಇದನ್ನು ಯಾರೂ ರಾಷ್ಟ್ರೀಯ ದುರಂತ ಅಂತ ಕರೆಯಲಿಲ್ಲ. ನನಗೆ ತುಂಬಾ ಬೇಜಾರಾಗುವ ಭಾಗ ಇದು.

ಈ ಹೊತ್ತಿನಲ್ಲಿ ಸಂಘ ಏನು ಮಾಡುತ್ತಿತ್ತು? ವಾಲ್ಟರ್ ರೂಥರ್ ಅನ್ನುವ ನಾಯಕ ಇದ್ದರು. 1937ರಲ್ಲಿ ಫೋರ್ಡ್ ಕಾರ್ಖಾನೆಯ ಮೇಲ್ಸೇತುವೆಯ ಮೇಲೆ ಕಂಪನಿಯ ಗೂಂಡಾಗಳ ಕೈಲಿ ರಕ್ತ ಬರುವ ಹಾಗೆ ಹೊಡೆತ ತಿಂದವರು. 1945ರ ನವೆಂಬರ್‌ನಲ್ಲಿ ಅವರು ಜನರಲ್ ಮೋಟರ್ಸ್ ಮುಂದೆ ಒಂದು ಅಸಾಧಾರಣ ಬೇಡಿಕೆ ಇಟ್ಟರು. ಸಂಬಳ ಶೇಕಡ 30 ಹೆಚ್ಚಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ, ಆಗಲ್ಲ ಅನ್ನುವುದಾದರೆ ನಿಮ್ಮ ಲೆಕ್ಕಪುಸ್ತಕ ತೆಗೆದು ತೋರಿಸಿ ಅಂದರು. ಕಂಪನಿಗೆ ಸಂಬಳದ ಬೇಡಿಕೆಗಿಂತ ಹೆಚ್ಚು ಸಿಟ್ಟು ತರಿಸಿದ್ದು ಆ ಲೆಕ್ಕಪುಸ್ತಕದ ಮಾತು. 113 ದಿನ ಮುಷ್ಕರ ನಡೆಯಿತು. ಗಂಟೆಗೆ ಹದಿನೆಂಟೂವರೆ ಸೆಂಟ್ ಹೆಚ್ಚಳ ಸಿಕ್ಕಿತು. ಲೆಕ್ಕಪುಸ್ತಕ ತೆರೆಯಲಿಲ್ಲ.

ಆಮೇಲೆ ರೂಥರ್ ದಾರಿ ಬದಲಿಸಿದರು. 1948ರಲ್ಲಿ ಬೆಲೆ ಏರಿದ ಹಾಗೆ ಏರುವ ತುಟ್ಟಿಭತ್ಯೆ ಬಂತು. 1950ರಲ್ಲಿ ಐದು ವರ್ಷದ ದೊಡ್ಡ ಒಪ್ಪಂದ ಆಯಿತು, ಅದಕ್ಕೆ ಡೆಟ್ರಾಯಿಟ್ ಒಡಂಬಡಿಕೆ ಅಂತಲೇ ಹೆಸರು. ಪಿಂಚಣಿ, ಆರೋಗ್ಯ ವಿಮೆ, ಪ್ರತಿ ವರ್ಷ ಹೆಚ್ಚಳ. ಶಾಲೆ ಪೂರ್ತಿ ಓದದವರೂ ಸ್ವಂತ ಮನೆ ಕಟ್ಟಿದರು, ಮಕ್ಕಳನ್ನು ಕಾಲೇಜಿಗೆ ಕಳಿಸಿದರು. ಇದನ್ನು ಯಾರೂ ಹಗುರವಾಗಿ ಮಾತಾಡಬಾರದು. ಅಷ್ಟು ದೊಡ್ಡ ಸಂಖ್ಯೆಯ ದುಡಿಯುವ ಜನ ಅಷ್ಟು ನೆಮ್ಮದಿಯಾಗಿ ಬದುಕಿದ್ದು ಚರಿತ್ರೆಯಲ್ಲೇ ಕಡಿಮೆ.

ಆದರೆ ಅದಕ್ಕೆ ಬದಲಾಗಿ ಬಿಟ್ಟುಕೊಟ್ಟದ್ದು ಏನು? ಯಾವ ಮಾದರಿ ಮಾಡಬೇಕು, ಎಲ್ಲಿ ಬಂಡವಾಳ ಹೂಡಬೇಕು, ಯಾವ ಕಾರ್ಖಾನೆ ತೆರೆಯಬೇಕು, ಯಾವುದನ್ನು ಮುಚ್ಚಬೇಕು, ಇವೆಲ್ಲ ಮ್ಯಾನೇಜ್‌ಮೆಂಟ್‌ನ ಹಕ್ಕು, ಅದರಲ್ಲಿ ಸಂಘ ಬಾಯಿ ಹಾಕುವ ಹಾಗಿಲ್ಲ. ಕಂಪನಿಗಳು ಲಾಭದಲ್ಲಿ ತೇಲುತ್ತಿದ್ದ ಕಾಲದಲ್ಲಿ ಇದು ದೊಡ್ಡ ನಷ್ಟ ಅನಿಸಲಿಲ್ಲ. ಕೆಲಸ ಹೇಗೂ ಇರುತ್ತೆ, ನಮ್ಮ ಪಾಲು ಸರಿಯಾಗಿ ಬಂದರೆ ಸಾಕು ಅಂತ ಅನಿಸಿರಬೇಕು.

ಇಲ್ಲಿ ಆರೋಗ್ಯ ವಿಮೆಯ ವಿಷಯ ಒಂದು ಹೇಳಿಬಿಡುತ್ತೇನೆ. ರೂಥರ್‌ಗೆ ಬೇಕಿದ್ದದ್ದು ಇಡೀ ದೇಶಕ್ಕೆ ಸರ್ಕಾರಿ ಆರೋಗ್ಯ ವಿಮೆ. ಅದು ಸಿಗಲಿಲ್ಲ, ಹಾಗಾಗಿ ಕಂಪನಿಯಿಂದ ಪಡೆದರು. ಐವತ್ತು ವರ್ಷ ಆದಮೇಲೆ ಅದೇ ಕುತ್ತಿಗೆಗೆ ಬಂತು. ನಿವೃತ್ತರ ಸಂಖ್ಯೆ ಕೆಲಸದಲ್ಲಿರುವವರಿಗಿಂತ ಎಷ್ಟೋ ಜಾಸ್ತಿಯಾಯಿತು, 2000ದ ದಶಕದ ನಡುವೆ ಒಂದೊಂದು ಕಾರಿನ ಮೇಲೂ ಸುಮಾರು 1,500 ಡಾಲರ್ ಆರೋಗ್ಯದ ಖರ್ಚೇ ಬೀಳುತ್ತಿದೆ ಅಂತ ಜನರಲ್ ಮೋಟರ್ಸ್ ಹೇಳುತ್ತಿತ್ತು. ಜಪಾನ್, ಕೆನಡಾಗಳಲ್ಲಿ ಈ ಹೊರೆಯನ್ನು ಬಹುಪಾಲು ದೇಶವೇ ಹೊರುತ್ತದೆ. ಸಂಘ ದುರಾಸೆ ಪಟ್ಟಿತು ಅನ್ನುವವರು ಈ ಭಾಗವನ್ನು ಬಿಟ್ಟು ಮಾತಾಡುತ್ತಾರೆ.

ಸರಿ, 1970ರ ದಶಕಕ್ಕೆ ಬರೋಣ. ಎಣ್ಣೆ ಬೆಲೆ ಏರಿತು. ಜನ ಸಣ್ಣ ಕಾರು ಕೇಳಿದರು, ಡೆಟ್ರಾಯಿಟ್‌ನ ಕಂಪನಿಗಳ ಬಳಿ ಒಳ್ಳೆಯ ಸಣ್ಣ ಕಾರು ಇರಲಿಲ್ಲ, ಜಪಾನಿನವರ ಬಳಿ ಇತ್ತು. ಯಾವ ಕಾರು ಮಾಡಬೇಕು ಅಂತ ತೀರ್ಮಾನಿಸಿದ್ದು ಕೆಲಸಗಾರರಲ್ಲ, ನೆನಪಿಡಿ. 1979ರಲ್ಲಿ ಸಂಘದ ಸದಸ್ಯರು ಸುಮಾರು 15 ಲಕ್ಷ, ಅದೇ ಶಿಖರ. ಇವತ್ತು ಸುಮಾರು 4 ಲಕ್ಷ, ಅದರಲ್ಲೂ ಕಾರಿಗೆ ಸಂಬಂಧವೇ ಇಲ್ಲದ ಕೆಲಸದವರು ಬಹಳ ಮಂದಿ ಇದ್ದಾರೆ. ಫ್ಲಿಂಟ್ ಸುತ್ತಮುತ್ತ ಒಂದು ಕಾಲಕ್ಕೆ ಸುಮಾರು 80 ಸಾವಿರ ಜನ ಜನರಲ್ ಮೋಟರ್ಸ್‌ನಲ್ಲಿ ದುಡಿಯುತ್ತಿದ್ದರು, ಈಗ ಹತ್ತು ಸಾವಿರವೂ ಇಲ್ಲ.

ಕೆಲಸ ಹೋದಾಗ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಯಾರ ಕಡೆ ತಿರುಗಿಸಿದರು ಅನ್ನೋದು ಈ ಕಥೆಯ ಕೆಟ್ಟ ಅಧ್ಯಾಯ. ಸಂಘದ ಕೇಂದ್ರ ಕಚೇರಿಯ ಪಾರ್ಕಿಂಗ್‌ನಲ್ಲಿ ಹೊರದೇಶದ ಕಾರು ನಿಲ್ಲಿಸಬೇಡಿ ಅಂತ ಬೋರ್ಡ್ ಹಾಕಿದರು. ಜಪಾನಿನ ಕಾರುಗಳನ್ನು ಬೀದಿಯಲ್ಲಿ ಸುತ್ತಿಗೆಯಿಂದ ಒಡೆದು ಹಾಕುವ ಕಾರ್ಯಕ್ರಮ ನಡೆಸಿದರು. 1982ರ ಜೂನ್‌ನಲ್ಲಿ ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಅನ್ನುವ 27 ವರ್ಷದ ಹುಡುಗನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಹೊಡೆದವರಲ್ಲಿ ಒಬ್ಬ ಕಾರು ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡವ. ಸತ್ತವನು ಜಪಾನಿನವನೂ ಅಲ್ಲ, ಚೀನೀ ಮೂಲದ ಅಮೆರಿಕನ್. ಮದುವೆಗೆ ಕೆಲವೇ ದಿನ ಇತ್ತು. ಕೊಂದವರಿಗೆ ಸಿಕ್ಕ ಶಿಕ್ಷೆ ಮೂರು ವರ್ಷದ ಪ್ರೊಬೇಷನ್, 3,000 ಡಾಲರ್ ದಂಡ. ಒಂದು ದಿನ ಜೈಲಿಲ್ಲ. ಕೆಲಸ ಕಿತ್ತುಕೊಂಡವರು ಹೊರಗಿನವರು ಅಂತ ವರ್ಷಗಟ್ಟಲೆ ಹೇಳಿಕೊಟ್ಟರೆ ಏನಾಗುತ್ತದೆ ಅಂತ ಸಂಘಗಳ ನಾಯಕರು ಈ ಕೇಸನ್ನು ಮರೆಯದೆ ಇಟ್ಟುಕೊಳ್ಳಬೇಕು.

ಸರ್ಕಾರ ಏನು ಮಾಡಿತು? 1981ರಲ್ಲಿ ಜಪಾನ್ ಮೇಲೆ ಒತ್ತಡ ಹಾಕಿ, ವರ್ಷಕ್ಕೆ 16.8 ಲಕ್ಷ ಕಾರಿಗಿಂತ ಜಾಸ್ತಿ ಕಳಿಸಲ್ಲ ಅಂತ ಒಪ್ಪಿಸಿತು. ಜಪಾನಿನವರು ಅಮೆರಿಕದಲ್ಲೇ ಕಾರ್ಖಾನೆ ಕಟ್ಟಿದರು. ಹೋಂಡಾ 1982ರಲ್ಲಿ ಒಹಾಯೊದಲ್ಲಿ, ನಿಸಾನ್ 1983ರಲ್ಲಿ ಟೆನೆಸ್ಸಿಯಲ್ಲಿ. ಕೆಲಸ ಬಂತು, ಸಂಘ ಬರಲಿಲ್ಲ. ಅಲ್ಲಿಂದ ಮುಂದೆ ಒಂದೇ ದೇಶದೊಳಗೆ ಎರಡು ಥರದ ಕಾರು ಉದ್ಯಮ ಬೆಳೆಯಿತು.

ಸಂಘ ಇದಕ್ಕೆ ಕೊಟ್ಟ ಉತ್ತರ 1984ರ ಜಾಬ್ಸ್ ಬ್ಯಾಂಕ್. ಕೆಲಸ ಹೋದರೂ ಕಂಪನಿ ಸಂಬಳದ ಬಹುಪಾಲು ಕೊಡಬೇಕು. ಜನ ಬೆಳಿಗ್ಗೆ ಬಂದು ಒಂದು ಕೋಣೆಯಲ್ಲಿ ಕೂತು, ಪೇಪರ್ ಓದಿ, ಪದಬಂಧ ಬಿಡಿಸಿ ಮನೆಗೆ ಹೋಗುತ್ತಿದ್ದರು. ಟಿವಿಯವರು ಇದನ್ನು ತೋರಿಸಿ ತೋರಿಸಿ ಸಂಘದ ಮಾನ ಕಳೆದರು. ನನ್ನ ಪ್ರಕಾರ ಅದು ಸೋಮಾರಿತನದ ಕಥೆ ಅಲ್ಲ. ಯಾವ ಕಾರ್ಖಾನೆಗೆ ಯಾವ ಕೆಲಸ ಅಂತ ಕೇಳುವ ಹಕ್ಕು ಕಳೆದುಕೊಂಡ ಸಂಘಕ್ಕೆ ದುಡ್ಡು ಕೇಳುವುದು ಬಿಟ್ಟು ಬೇರೇನೂ ಉಳಿದಿರಲಿಲ್ಲ, ಹಾಗಾಗಿ ದುಡ್ಡು ಕೇಳಿತು. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ಕೋರ್ಟಿಗೆ ಹೋದ ವರ್ಷ ಅದೂ ಮುಗಿಯಿತು, ತುಟ್ಟಿಭತ್ಯೆಯೂ ನಿಂತಿತು. ಅದಕ್ಕೂ ಮೊದಲು 2007ರಲ್ಲೇ ಹೊಸಬರಿಗೆ ಹಳಬರ ಅರ್ಧದಷ್ಟು ಸಂಬಳ ಅನ್ನುವ ಒಪ್ಪಂದಕ್ಕೆ ಸಂಘ ಸಹಿ ಹಾಕಿತ್ತು. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ಒಂದೇ ಬೋಲ್ಟ್ ಬಿಗಿಯುವ ಇಬ್ಬರಲ್ಲಿ ಒಬ್ಬನಿಗೆ 28 ಡಾಲರ್, ಇನ್ನೊಬ್ಬನಿಗೆ ಸುಮಾರು 14. ಇದಕ್ಕಿಂತ ಚೆನ್ನಾಗಿ ಸಂಘವನ್ನು ಒಳಗಿಂದ ಒಡೆಯುವ ಉಪಾಯ ಇಲ್ಲ.

ಈಗ ಗಡಿಯಾಚೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕಂದರೆ ಈ ಭಾಗವನ್ನು ಜನ ನೋಡೋದೇ ಇಲ್ಲ.

ಗಡಿಯಂಚಿನ ಕಾರ್ಖಾನೆಗಳ ಯೋಜನೆಯನ್ನು ಮೆಕ್ಸಿಕೊ ಶುರು ಮಾಡಿದ್ದು 1965ರಲ್ಲಿ. ಬಿಡಿಭಾಗ ಸುಂಕವಿಲ್ಲದೆ ಒಳಗೆ ಬರುತ್ತದೆ, ಜೋಡಣೆಯಾಗಿ ವಾಪಸ್ ಹೋಗುತ್ತದೆ. 1994ರ ಜನವರಿ 1ರಂದು ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದ ನಾಫ್ಟಾ ಬಂತು. ಆ ವರ್ಷ ಮೆಕ್ಸಿಕೊ ತಯಾರಿಸಿದ್ದು ಸುಮಾರು 11 ಲಕ್ಷ ವಾಹನ, 2024ರಲ್ಲಿ ಸುಮಾರು 40 ಲಕ್ಷ. ಹೆಚ್ಚಿನವು ಅಮೆರಿಕಕ್ಕೇ ಹೋಗುತ್ತವೆ. ಇಷ್ಟು ಕೆಲಸ ಬಂದರೆ ಅಲ್ಲಿನವರ ಸಂಬಳ ಏರಬೇಕಿತ್ತಲ್ವಾ? ಕಾರ್ಖಾನೆ ಹೊಸದು, ಯಂತ್ರ ಹೊಸದು, ಗುಣಮಟ್ಟದಲ್ಲಿ ಡೆಟ್ರಾಯಿಟ್‌ಗೆ ಏನೂ ಕಮ್ಮಿ ಇಲ್ಲ. ಆದರೂ ಸಂಬಳ ನಿಂತಲ್ಲೇ ನಿಂತಿತು.

ಯಾಕೆ ಅಂದರೆ, ಅಲ್ಲಿ ಸಂಘ ಇತ್ತು, ಆದರೆ ಕೆಲಸಗಾರರದ್ದಲ್ಲ. ಕಾರ್ಖಾನೆಯ ಬಾಗಿಲು ತೆರೆಯುವ ಮೊದಲೇ, ಒಬ್ಬ ಕೆಲಸಗಾರನೂ ಸೇರುವ ಮೊದಲೇ, ಕಂಪನಿ ತನಗೆ ಬೇಕಾದ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿರುತ್ತಿತ್ತು. ಅದನ್ನು ಅಲ್ಲಿ ರಕ್ಷಣಾ ಒಪ್ಪಂದ ಅಂತಾರೆ. ರಕ್ಷಣೆ ಕಂಪನಿಗೆ, ಕೆಲಸಗಾರರಿಂದ. ಎಷ್ಟೋ ಜನಕ್ಕೆ ತಾವು ಒಂದು ಸಂಘದ ಸದಸ್ಯರು ಅನ್ನೋದೇ ಗೊತ್ತಿರುತ್ತಿರಲಿಲ್ಲ, ವಂತಿಗೆ ಮಾತ್ರ ಸಂಬಳದಿಂದ ಕಟ್ ಆಗುತ್ತಿತ್ತು. ಎದುರು ನಿಂತವರ ಗತಿ ಏನಾಗುತ್ತಿತ್ತು ಅನ್ನೋದಕ್ಕೆ 1990ರ ಜನವರಿಯ ಕ್ವಾಟಿಟ್ಲಾನ್ ಸಾಕು. ಮೆಕ್ಸಿಕೊ ನಗರದ ಪಕ್ಕದ ಆ ಫೋರ್ಡ್ ಕಾರ್ಖಾನೆಯೊಳಗೆ ಬಂದೂಕು ಹಿಡಿದ ಗುಂಪು ನುಗ್ಗಿ ಕೆಲಸಗಾರರ ಮೇಲೆ ಗುಂಡು ಹಾರಿಸಿತು. ಹಲವರಿಗೆ ಗಾಯ, ಒಬ್ಬ ಸತ್ತ. ಮುಂದಿನ ವರ್ಷ ಅದೇ ದಿನಗಳಲ್ಲಿ ಅಮೆರಿಕದ ಸೇಂಟ್ ಪಾಲ್‌ನ ಫೋರ್ಡ್ ಕೆಲಸಗಾರರು ಅವನ ನೆನಪಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಲೈನಿನಲ್ಲಿ ನಿಂತರು. ಅವರ ನಾಯಕರಿಗಿಂತ ಮೊದಲೇ ಅವರಿಗೆ ಅರ್ಥವಾಗಿತ್ತು: ಅಲ್ಲಿನವರ ಕೈ ಕಟ್ಟಿಹಾಕಿರುವವರೆಗೆ ನಮ್ಮ ಕೆಲಸವೂ ಗಟ್ಟಿಯಲ್ಲ ಅಂತ.

ಇನ್ನು ಲಾರ್ಡ್ಸ್‌ಟೌನ್. ಒಹಾಯೊದ ಈ ಕಾರ್ಖಾನೆ 1966ರಿಂದ ನಡೆಯುತ್ತಿತ್ತು, ಕೊನೆಗೆ ಶೆವರ್ಲೆ ಕ್ರೂಝ್ ಮಾಡುತ್ತಿತ್ತು. ಮೂರು ಶಿಫ್ಟ್ ಇದ್ದದ್ದು ಎರಡಾಯಿತು, ಎರಡು ಒಂದಾಯಿತು. ಕೆಲಸ ಎಲ್ಲ ವಾಪಸ್ ಬರುತ್ತೆ, ಮನೆ ಮಾರಬೇಡಿ ಅಂತ 2017ರಲ್ಲಿ ಪಕ್ಕದ ಊರಿಗೆ ಬಂದು ಅಧ್ಯಕ್ಷ ಟ್ರಂಪ್ ಹೇಳಿ ಹೋದರು. 2018ರ ನವೆಂಬರ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಸಂಘದ ಜೊತೆಗಿನ ಒಪ್ಪಂದದಲ್ಲಿ ಕಾರ್ಖಾನೆ ಮುಚ್ಚುವ ಹಾಗಿಲ್ಲ ಅಂತ ಇತ್ತು. ಹಾಗಾಗಿ ಕಂಪನಿ ಮುಚ್ಚುತ್ತೇವೆ ಅನ್ನಲಿಲ್ಲ. ಈ ಕಾರ್ಖಾನೆಗೆ ಯಾವ ಮಾದರಿಯನ್ನೂ ಹಂಚಿಲ್ಲ, ಅಷ್ಟೆ ಅಂದಿತು. ಗೋಡೆ ಇದೆ, ಯಂತ್ರ ಇದೆ, ಮಾಡೋಕೆ ಕಾರು ಮಾತ್ರ ಇಲ್ಲ. 2019ರ ಮಾರ್ಚ್‌ನಲ್ಲಿ ಕೊನೆಯ ಕ್ರೂಝ್ ಹೊರಬಂತು. ಹೊಸ ಶೆವರ್ಲೆ ಬ್ಲೇಝರ್ ಮೆಕ್ಸಿಕೊದ ರಾಮೋಸ್ ಅರಿಸ್ಪೆಯಲ್ಲಿ ತಯಾರಾಗುತ್ತಿತ್ತು.

1950ರಲ್ಲಿ ಬಿಟ್ಟುಕೊಟ್ಟದ್ದರ ಬೆಲೆ ಇಲ್ಲಿ ಕಾಣುತ್ತದೆ. ಸಂಬಳ, ಪಿಂಚಣಿ, ಮುಚ್ಚಬಾರದು ಅನ್ನುವ ಸಾಲು, ಎಲ್ಲ ಕಾಗದದಲ್ಲಿತ್ತು. ಯಾವ ಮಾದರಿ ಯಾರಿಗೆ ಅನ್ನುವ ತೀರ್ಮಾನ ಮಾತ್ರ ಅವರ ಕೈಯಲ್ಲಿರಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಜನರಲ್ ಮೋಟರ್ಸ್‌ನ ಹತ್ತಿರ ಹತ್ತಿರ 50 ಸಾವಿರ ಜನ ಮುಷ್ಕರ ಹೂಡಿದರು, 40 ದಿನ ನಡೆಯಿತು. ಲಾರ್ಡ್ಸ್‌ಟೌನ್ ಉಳಿಯಲಿಲ್ಲ. ಆದರೆ ಆ ದಿನಗಳಲ್ಲೇ ಮೆಕ್ಸಿಕೊದ ಸಿಲಾವೊದಲ್ಲಿ ಒಂದು ಘಟನೆ ನಡೆಯಿತು. ಅದು ಕಂಪನಿಯ ಪಿಕಪ್ ಟ್ರಕ್ ಮಾಡುವ ದೊಡ್ಡ ಕಾರ್ಖಾನೆ, ಸುಮಾರು ಆರು ಸಾವಿರ ಜನ. ಅಮೆರಿಕದಲ್ಲಿ ಲೈನ್ ನಿಂತಿರುವಾಗ ನಾವು ಓಟಿ ಮಾಡಿ ಆ ಕೊರತೆ ತುಂಬಲ್ಲ ಅಂತ ಅಲ್ಲಿನ ಕೆಲವರು ನಿಂತರು. ಅವರನ್ನು ಕೆಲಸದಿಂದ ತೆಗೆದರು. ದಿನಕ್ಕೆ ಸಿಗುತ್ತಿದ್ದದ್ದು ಅಮೆರಿಕದವನಿಗೆ ಒಂದು ಗಂಟೆಗೆ ಸಿಗುವಷ್ಟು, ಹಿಂದೆ ನಿಲ್ಲುವ ಸಂಘ ಇಲ್ಲ, ಆದರೂ ನೋಡದೇ ಇರುವ ಜನರಿಗಾಗಿ ಕೆಲಸ ಕಳೆದುಕೊಂಡರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇವರ ಮೇಲೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ ಮೆಕ್ಸಿಕೊ ಕಾನೂನು ಬದಲಿಸಿತು, ಹಳೆಯ ಒಪ್ಪಂದಗಳನ್ನೆಲ್ಲ ಕೆಲಸಗಾರರ ಗುಪ್ತ ಮತಕ್ಕೆ ಹಾಕಬೇಕು ಅಂದಿತು. 2020ರ ಜುಲೈನಲ್ಲಿ ನಾಫ್ಟಾ ಹೋಗಿ ಹೊಸ ವ್ಯಾಪಾರ ಒಪ್ಪಂದ ಬಂತು, ಕಾರ್ಖಾನೆಯೊಂದರಲ್ಲಿ ಸಂಘದ ಹಕ್ಕು ತುಳಿದರೆ ನೇರವಾಗಿ ಆ ಕಾರ್ಖಾನೆಯ ಮೇಲೇ ಕ್ರಮ ತೆಗೆದುಕೊಳ್ಳುವ ದಾರಿ ಅದರಲ್ಲಿತ್ತು. 2021ರ ಏಪ್ರಿಲ್‌ನಲ್ಲಿ ಸಿಲಾವೊದಲ್ಲಿ ಮತದಾನ ನಡೆಯಿತು. ಮತಪತ್ರಗಳು ನಾಶವಾದವು, ಮತದಾನ ರದ್ದಾಯಿತು. ಅಮೆರಿಕ ಆ ಹೊಸ ದಾರಿಯನ್ನು ಮೊದಲ ಸಲ ಬಳಸಿದ್ದು ಇಲ್ಲೇ. ಆಗಸ್ಟ್‌ನಲ್ಲಿ ಮತ್ತೆ ಮತ ಹಾಕಿ ಹಳೆಯ ಸಂಘದ ಒಪ್ಪಂದವನ್ನು ಕಿತ್ತೊಗೆದರು. 2022ರ ಫೆಬ್ರವರಿಯಲ್ಲಿ ಸಿಂಟಿಯಾ ಅನ್ನುವ ಸ್ವತಂತ್ರ ಸಂಘ ನಾಲ್ಕು ಸಾವಿರಕ್ಕೂ ಹೆಚ್ಚು ಮತ ಪಡೆದು ಗೆದ್ದಿತು. ಕೆಲವೇ ತಿಂಗಳಲ್ಲಿ ಶೇಕಡ 8.5 ಸಂಬಳ ಹೆಚ್ಚಳ ಬಂತು.

ಒಂದು ಕಾರ್ಖಾನೆ ಅಷ್ಟೆ, ದೊಡ್ಡ ಕ್ರಾಂತಿ ಅಲ್ಲ. ಆದರೆ ಸಿಲಾವೊದಲ್ಲಿ ಸಂಬಳ ಏರಿದಷ್ಟೂ ಒಹಾಯೊದಿಂದ ಕೆಲಸ ಸಾಗಿಸುವ ಆಸೆ ಕಮ್ಮಿಯಾಗುತ್ತದೆ. ಅಮೆರಿಕದ ಸಂಘಕ್ಕೆ ತನ್ನ ದೇಶದೊಳಗಿನ ಎಷ್ಟೋ ಮುಷ್ಕರಗಳಿಗಿಂತ ಇದು ಹೆಚ್ಚು ಲಾಭ ತಂದಿದೆ ಅಂತ ನಾನು ನಂಬಿದ್ದೇನೆ.

ಅದೇ ಹೊತ್ತಿಗೆ ಅಮೆರಿಕದ ಸಂಘದೊಳಗೂ ಗಾಳಿ ಬದಲಾಯಿತು. ಇಬ್ಬರು ಮಾಜಿ ಅಧ್ಯಕ್ಷರು, ಡೆನಿಸ್ ವಿಲಿಯಮ್ಸ್ ಮತ್ತು ಗ್ಯಾರಿ ಜೋನ್ಸ್, ಸಂಘದ ದುಡ್ಡು ತಿಂದು ಜೈಲಿಗೆ ಹೋದರು. ಸದಸ್ಯರೇ ನೇರವಾಗಿ ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಪದ್ಧತಿ ಬಂತು, 2023ರಲ್ಲಿ ಶಾನ್ ಫೇನ್ ಗೆದ್ದರು. ಆ ಸೆಪ್ಟೆಂಬರ್‌ನಲ್ಲಿ ಜನರಲ್ ಮೋಟರ್ಸ್, ಫೋರ್ಡ್, ಸ್ಟೆಲಾಂಟಿಸ್ (ಕ್ರೈಸ್ಲರ್ ಈಗ ಇದರ ಕೈಯಲ್ಲಿದೆ), ಈ ಮೂರೂ ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ. ನಾಲ್ಕೂವರೆ ವರ್ಷದಲ್ಲಿ ಶೇಕಡ 25 ಹೆಚ್ಚಳ, ತುಟ್ಟಿಭತ್ಯೆ ವಾಪಸ್. ಪೇಪರ್‌ನವರು ಇದನ್ನೇ ಬರೆದರು. ನನಗೆ ಅದಕ್ಕಿಂತ ದೊಡ್ಡದು ಅನಿಸಿದ್ದು ಬೇರೆ. ಕಾರ್ಖಾನೆ ಮುಚ್ಚಿದರೆ ಮುಷ್ಕರ ಹೂಡುವ ಹಕ್ಕು ಸಿಕ್ಕಿತು. ಸ್ಟೆಲಾಂಟಿಸ್ ಕಂಪನಿಯಲ್ಲಂತೂ ಮಾತು ಕೊಟ್ಟ ಮಾದರಿ, ಬಂಡವಾಳ ಬರದಿದ್ದರೂ ಮುಷ್ಕರ ಹೂಡಬಹುದು. ಆ ವರ್ಷ ಬಾಗಿಲು ಹಾಕಿದ್ದ ಇಲಿನಾಯ್ ರಾಜ್ಯದ ಬೆಲ್ವಿಡಿಯರ್ ಕಾರ್ಖಾನೆಯನ್ನು ಮತ್ತೆ ತೆರೆಯುತ್ತೇವೆ ಅಂತ ಕಂಪನಿಯಿಂದ ಬರೆಸಿಕೊಂಡರು. ಎಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಬಿಟ್ಟುಕೊಟ್ಟ ಪ್ರಶ್ನೆಗೆ ಸಂಘ ಮತ್ತೆ ಕೈ ಹಾಕಿತು.

ಉಪನ್ಯಾಸ ಇಷ್ಟು. ಆಮೇಲೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: ಬಂಡವಾಳ ಹಾಕಿದವರು ಎಲ್ಲಿ ಬೇಕಾದರೂ ಕಾರ್ಖಾನೆ ಕಟ್ಟುತ್ತಾರೆ, ಕೆಲಸಗಾರರಿಗೆ ಅದರಲ್ಲಿ ಮಾತಾಡುವ ಹಕ್ಕು ಎಲ್ಲಾದರೂ ಇದೆಯಾ ಅಂತ. ಇದೆ. ಜರ್ಮನಿಯಲ್ಲಿ 1976ರ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕೆಲಸಗಾರರ ಕಡೆಯವರಿಗೆ. ಫೋಕ್ಸ್‌ವ್ಯಾಗನ್‌ಗೆ ಪ್ರತ್ಯೇಕ ಕಾನೂನೇ ಇದೆ, ಹೊಸ ಕಾರ್ಖಾನೆ ಕಟ್ಟುವುದಿರಲಿ, ಇದ್ದದ್ದನ್ನು ಬೇರೆ ಕಡೆಗೆ ಸಾಗಿಸುವುದಿರಲಿ, ಮಂಡಳಿಯ ಮೂರನೇ ಎರಡು ಭಾಗ ಒಪ್ಪಬೇಕು. ಅಂದರೆ ಕೆಲಸಗಾರರ ಕಡೆಯವರು ಬೇಡ ಅಂದರೆ ಆಗಲ್ಲ. ಹಾಗಂತ ಅದು ಸ್ವರ್ಗ ಅಲ್ಲ. ಜರ್ಮನ್ ಕಂಪನಿಗಳೂ ಹಂಗೇರಿ, ಸ್ಲೊವಾಕಿಯಾಗಳಿಗೆ ಹೋಗಿವೆ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜೊತೆಗಿನ ಒಪ್ಪಂದದಲ್ಲಿ 2030ರೊಳಗೆ 35 ಸಾವಿರಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡೋಕೆ ಸಂಘ ಒಪ್ಪಬೇಕಾಯಿತು. ಆದರೆ ಯಾರನ್ನೂ ಬಲವಂತವಾಗಿ ತೆಗೆಯದೆ, ಕಾರ್ಖಾನೆಗಳನ್ನು ಒಮ್ಮೆಲೇ ಮುಚ್ಚದೆ, ವರ್ಷಗಳ ಸಮಯ ಕೊಟ್ಟು. ಲಾರ್ಡ್ಸ್‌ಟೌನ್‌ನವರಿಗೆ ಸಿಕ್ಕಿದ್ದು ಒಂದು ಪ್ರಕಟಣೆ, ಮೂರೂವರೆ ತಿಂಗಳು. ನನಗೆ ಆ ವ್ಯತ್ಯಾಸ ಸಣ್ಣದಲ್ಲ.

ಇನ್ನೊಬ್ಬರು ಕೇಳಿದ್ದು ಸುಂಕದ ಬಗ್ಗೆ. ಹೊರಗಿನಿಂದ ಬರುವ ಕಾರಿಗೆ ಸುಂಕ ಹಾಕಿದರೆ ಕೆಲಸ ತಾನಾಗೇ ವಾಪಸ್ ಬರುತ್ತಲ್ಲ ಅಂತ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಶೇಕಡ 25 ಸುಂಕ ಹಾಕಿತು, ಶಾನ್ ಫೇನ್ ಅದನ್ನು ಸ್ವಾಗತಿಸಿದರು. ನನಗೆ ಅವರ ಮೇಲೆ ಗೌರವ ಇದೆ, ಆದರೆ ಇಲ್ಲಿ ಒಪ್ಪೋಕೆ ಆಗಲ್ಲ. ಯಾಕೆ ಅಂದರೆ ಬ್ರಾಂಪ್ಟನ್. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸ್ಟೆಲಾಂಟಿಸ್ ಕಾರ್ಖಾನೆ ಅದು. 2023ರ ಕೊನೆಯಿಂದ ಕೆಲಸ ನಿಂತು, ಹೊಸ ಜೀಪ್ ಕಂಪಾಸ್ ಬರುತ್ತದೆ ಅಂತ ಸುಮಾರು ಮೂರು ಸಾವಿರ ಜನ ಕಾಯುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಕಂಪನಿ ಅಮೆರಿಕದಲ್ಲಿ 1,300 ಕೋಟಿ ಡಾಲರ್ ಹೂಡುತ್ತೇವೆ ಅಂತ ಹೇಳಿ, ಆ ಕಂಪಾಸನ್ನು ಬೆಲ್ವಿಡಿಯರ್‌ಗೆ ಕೊಟ್ಟಿತು. ಬೆಲ್ವಿಡಿಯರ್‌ನವರು ಹೋರಾಡಿ ಪಡೆದದ್ದು, ಅವರಿಗೆ ಖುಷಿಯಾದರೆ ಯಾರು ತಪ್ಪು ಅನ್ನೋಕಾಗುತ್ತೆ? ಆದರೆ ಗಡಿಯ ಆಚೆ ಅದೇ ಕಂಪನಿಗೆ ದುಡಿದ, ಸಂಘದಲ್ಲೇ ಇರುವ ಮೂರು ಸಾವಿರ ಮನೆಗಳ ಪಾಲಿಗೆ ಅದೇ ಸುದ್ದಿ ಬಂದ ಕೆಲಸ ಕೈತಪ್ಪಿದ ಸುದ್ದಿ. ಇನ್ನೂ ಒಂದು ವಿಷಯ: 1985ರವರೆಗೆ ಕೆನಡಾದವರೂ ಇದೇ ಅಮೆರಿಕದ ಸಂಘದ ಸದಸ್ಯರಾಗಿದ್ದರು. ಡೆಟ್ರಾಯಿಟ್‌ನಲ್ಲಿರುವ ಸಂಘದ ನಾಯಕರು ಕಂಪನಿಗಳಿಗೆ ತೀರಾ ಬಗ್ಗುತ್ತಿದ್ದಾರೆ ಅಂತ ಬೇಸತ್ತು ಬೇರೆಯಾದವರು.

ಅಮೆರಿಕದ ಈಗಿನ ಒಪ್ಪಂದಗಳ ಅವಧಿ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಬೇರೆ ಸಂಘಗಳೂ ತಮ್ಮ ಒಪ್ಪಂದವನ್ನು ಅದೇ ದಿನಕ್ಕೆ ಮುಗಿಯುವ ಹಾಗೆ ಇಟ್ಟುಕೊಳ್ಳಿ, ಮೇ 1ಕ್ಕೆ ಎಲ್ಲರೂ ಒಟ್ಟಿಗೆ ಮುಷ್ಕರಕ್ಕೆ ಇಳಿಯಬಹುದು ಅಂತ ಫೇನ್ ಕರೆ ಕೊಟ್ಟಿದ್ದಾರೆ. ಒಳ್ಳೆಯ ಯೋಚನೆ. ಆದರೆ ಆ ಕರೆ ಬ್ರಾಂಪ್ಟನ್‌ಗೂ ಸಿಲಾವೊಗೂ ಹೋಗಬೇಕು. ಮೂರು ದೇಶದ ಸಂಘಗಳು ಮೊದಲು ತಮ್ಮತಮ್ಮಲ್ಲೇ ಕೂತು, ಯಾವ ಮಾದರಿ ಯಾವ ಕಾರ್ಖಾನೆಗೆ, ಒಬ್ಬರು ಮುಷ್ಕರದಲ್ಲಿರುವಾಗ ಇನ್ನೊಬ್ಬರು ಎಷ್ಟು ಓಟಿ ನಿಲ್ಲಿಸುತ್ತಾರೆ, ಕೆಲಸದಿಂದ ತೆಗೆದರೆ ಅವರ ಮನೆ ಖರ್ಚು ಯಾರು ನೋಡಿಕೊಳ್ಳುತ್ತಾರೆ, ಇಷ್ಟನ್ನು ಬರೆದುಕೊಂಡು ಆಮೇಲೆ ಕಂಪನಿಯ ಎದುರು ಕೂರಬೇಕು. ಅದಕ್ಕೆ ಉಳಿದಿರುವ ಸಮಯ ಬಹಳ ಇಲ್ಲ.